ಬಂಗಾರದ ಅಕ್ಷರದ ಹಲಗೆ ಉಗ್ರಾಣದಲ್ಲೇಕೆ?

ಮಾನ್ಯ ಸಂಪಾದಕರೇ,

2026ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಿಂದ ಹಾಕಿ, ಕ್ರಿಕೆಟ್, ಬ್ಯಾಡ್ಮಿಂಟನ್, ಕುಸ್ತಿ, ಶೂಟಿಂಗ್ ಎಲ್ಲವನ್ನೂ ಕೈಬಿಟ್ಟ ಬಗ್ಗೆ ನಿಮ್ಮ ಕ್ರೀಡಾಪುಟದಲ್ಲಿ ಬಂದ ಬರಹ ಓದಿದೆ. ಆ ಬೇಸರ ನನ್ನದೂ ಹೌದು. ಆದರೆ ಉಳಿದ ಹತ್ತು ಕ್ರೀಡೆಗಳಲ್ಲಿ, ಚೆಂಡು ಉರುಳಿಸಿ ಆಡುವ ಲಾನ್ ಬೌಲ್ಸ್ ಕೂಡ ಒಂದು ಎಂದು ಹೇಳುತ್ತ, ಅದನ್ನು ‘ವಯಸ್ಸಾದವರು ಹೊತ್ತು ಕಳೆಯುವ ಆಟ’ ಎಂದು ಬರೆದ ಸಾಲು ಓದಿ ಪತ್ರಿಕೆ ಕೆಳಗಿಟ್ಟೆ. ಆ ಆಟಕ್ಕೆ ಈ ಹೆಸರು ಅಂಟಿಕೊಂಡದ್ದು ಹೇಗೆ ಎಂದು ನಾನು ಹತ್ತಿರದಿಂದ ತಿಳಿದುಕೊಂಡಿದ್ದೇನೆ. ಹೇಳದೆ ಇರಲಾರೆ.

ನಾನು ಹೊನ್ನಾವರದವಳು, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮಗಳು ಮೆಲ್ಬರ್ನ್‌ನ ಕಡಲ ಬದಿಯ ಬಡಾವಣೆಯೊಂದರಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಹೋಗಿದ್ದಾಗ ಮಗುವನ್ನು ಗಾಡಿಯಲ್ಲಿ ಮಲಗಿಸಿ ಪೋರ್ಟ್ ಫಿಲಿಪ್ ಕೊಲ್ಲಿಯ ದಂಡೆಗೆ ನಡೆದುಹೋಗುತ್ತಿದ್ದೆ. ದಾರಿಯಲ್ಲಿ ಒಂದು ಬೌಲ್ಸ್ ಕ್ಲಬ್ಬು. ಬೇಲಿಯಾಚೆ ಬಿಳಿ ಬಟ್ಟೆ, ಬಿಳಿ ಟೋಪಿಯ ಹೆಂಗಸರು. ನಿಂತು ನೋಡುವವಳನ್ನು ಅವರೇ ಒಳಗೆ ಕರೆದು ಕುರ್ಚಿ ಕೊಟ್ಟರು. ಕೆಲವು ವಾರ ಕಳೆದ ಮೇಲೆ ಕೈಗೆ ಚೆಂಡನ್ನೂ ಕೊಟ್ಟರು.

ಸುಮಾರು ಒಂದೂವರೆ ಕಿಲೋ ತೂಕದ ಚೆಂಡು ಅದು. ಎಸೆಯುವಂತಿಲ್ಲ, ಬಾಗಿ ಹುಲ್ಲಿನ ಮೇಲೆ ಉರುಳಿಸಬೇಕು. ಕನಿಷ್ಠ 23 ಮೀಟರ್ ದೂರದಲ್ಲಿ ‘ಜ್ಯಾಕ್’ ಎಂಬ ಪುಟ್ಟ ಚೆಂಡು ಇರುತ್ತದೆ, ಅದರ ಹತ್ತಿರ ಯಾರ ಚೆಂಡು ನಿಂತಿತೋ ಅವರಿಗೆ ಅಂಕ. ಕೇಳಲು ಇಷ್ಟೇ. ಆದರೆ ಆಡುವ ಚೆಂಡು ಪೂರ್ತಿ ಗುಂಡಗಿಲ್ಲ, ಒಂದು ಮಗ್ಗುಲಿಗೆ ವಾಲುವ ಹಾಗೆ ಅದನ್ನು ಮಾಡಿರುತ್ತಾರೆ. ವೇಗ ಕುಂದುತ್ತ ಬಂದಂತೆ ಅದು ಒಳಕ್ಕೆ ಬಾಗುತ್ತದೆ. ಹಾಗಾಗಿ ಜ್ಯಾಕಿಗೆ ನೇರವಾಗಿ ಗುರಿಯಿಟ್ಟರೆ ಕೆಟ್ಟಿತು. ಅದರಿಂದ ದೂರಕ್ಕೆ ಬಿಟ್ಟು, ಅದು ತಾನಾಗಿ ಬಳಸಿಕೊಂಡು ಬರುವಂತೆ ಮಾಡಬೇಕು. ಮಧ್ಯಾಹ್ನ ಕಡಲಗಾಳಿ ಎದ್ದರೆ ಬೆಳಗಿನ ಲೆಕ್ಕವೆಲ್ಲ ತಲೆಕೆಳಗು. ಗಾಳಿಯ ದಿಕ್ಕು ನೋಡಿ ದೋಣಿ ಇಳಿಸುವವರ ಊರಿನಲ್ಲಿ ಬೆಳೆದ ನನಗೆ ಆ ಹೆಂಗಸರು ಚೆಂಡು ಬಿಡುವ ಮುನ್ನ ಮುಖವೆತ್ತಿ ಗಾಳಿ ನೋಡುವ ರೀತಿ ಬಹಳ ಹಿಡಿಸಿತು.

ಆಸ್ಟ್ರೇಲಿಯಕ್ಕೆ ಈ ಆಟ ಬಂದದ್ದೂ ನೀರಿನಂಚಿನಿಂದಲೇ. 1845ರಲ್ಲಿ ಹೋಬಾರ್ಟ್‌ನ ಸ್ಯಾಂಡಿ ಬೇಯಲ್ಲಿ ಅಲ್ಲಿನ ಮೊದಲ ಆಟ ನಡೆಯಿತು. ಮೆಲ್ಬರ್ನ್‌ನ ಸೇಂಟ್ ಕಿಲ್ಡಾ ಕ್ಲಬ್ 1865ರದು. ಇವೆಲ್ಲ ಗಂಡಸರ ಕ್ಲಬ್ಬುಗಳು. ಹೆಂಗಸರು ಆಡಿದ ದಾಖಲೆ ಸಿಗುವುದು 1881ರಲ್ಲಿ, ವಿಕ್ಟೋರಿಯದ ಒಳನಾಡಿನ ಚಿನ್ನದ ಗಣಿಯ ಊರಾದ ಸ್ಟಾವೆಲ್‌ನಲ್ಲಿ. 1907ರಲ್ಲಿ ಮೆಲ್ಬರ್ನ್‌ನಲ್ಲಿ ವಿಕ್ಟೋರಿಯನ್ ಲೇಡೀಸ್ ಬೌಲಿಂಗ್ ಅಸೋಸಿಯೇಷನ್ ಹುಟ್ಟಿತು. ಬೌಲ್ಸ್ ಆಡುವ ಮಹಿಳೆಯರ ಸಂಘಟನೆ ಎಂದರೆ ಜಗತ್ತಿನಲ್ಲೇ ಅದು ಮೊದಲನೆಯದು. ಆಟದ ತವರಾದ ಇಂಗ್ಲೆಂಡಿನಲ್ಲಿ ಮಹಿಳೆಯರ ರಾಷ್ಟ್ರೀಯ ಸಂಘ ಬಂದದ್ದು 1931ರಲ್ಲಿ. ಗಂಡಸರ ಸಂಘ ಅಲ್ಲಿ 1903ರಿಂದಲೇ ಇತ್ತು.

ಹೀಗೆ ಕರಾವಳಿಯ ಬಡಾವಣೆಗಳಲ್ಲಿ ಒಂದೇ ಹುಲ್ಲುಹಾಸಿನ ಮೇಲೆ ಎರಡು ಕ್ಲಬ್ಬುಗಳು ಬೆಳೆದವು. ಹೆಂಗಸರದಕ್ಕೆ ಬೇರೆ ಹೆಸರು, ಬೇರೆ ಅಧ್ಯಕ್ಷೆ, ಕಾರ್ಯದರ್ಶಿ, ಬೇರೆ ಖಜಾನೆ, ಬೇರೆ ನಡಾವಳಿ ಪುಸ್ತಕ. ಆದರೆ ಹುಲ್ಲುಹಾಸು ಗಂಡಸರ ಕ್ಲಬ್ಬಿನದು. ಹೆಂಗಸರು ‘ಸಹಸದಸ್ಯರು’. ಮೈದಾನದ ವಿಷಯದಲ್ಲಿ ಅವರಿಗೆ ಮತವಿರಲಿಲ್ಲ. ಅಡುಗೆಮನೆ ಮಾತ್ರ ಅವರದೇ. ಗಂಡಸರ ಪಂದ್ಯವಿದ್ದ ದಿನ ಚಹಾ, ಸ್ಯಾಂಡ್‌ವಿಚ್, ಕೇಕು ಅವರು ಮಾಡಿ ಬಡಿಸಬೇಕಾಗಿತ್ತು. ಕೇಕು ಮಾರಿ, ಲಾಟರಿ ಚೀಟಿ ಎತ್ತಿ ಅವರು ಕೂಡಿಟ್ಟ ದುಡ್ಡು ಎಷ್ಟೋ ಕಡೆ ಕ್ಲಬ್ಬಿನ ಕಟ್ಟಡಕ್ಕೇ ಹೋಗಿದೆ. ಲಂಗ ಮೊಣಕಾಲಿನ ಕೆಳಗಿರಬೇಕು, ಕಾಲುಚೀಲ ಇರಲೇಬೇಕು, ಟೋಪಿ ತೆಗೆಯಬಾರದು ಎಂಬ ನಿಯಮಗಳೂ ಇದ್ದವು.

ಈ ಪತ್ರ ಬರೆಯಲು ಮುಖ್ಯ ಕಾರಣ ಇನ್ನೊಂದು ನಿಯಮ. ಶನಿವಾರ ಗಂಡಸರ ಆಟ, ಮಂಗಳವಾರ ಹೆಂಗಸರ ಆಟ. ವಿಕ್ಟೋರಿಯದಲ್ಲಿ ದಶಕಗಳ ಕಾಲ ಇದ್ದ ಪದ್ಧತಿ ಇದು. ಮಂಗಳವಾರ ಹಗಲಿನಲ್ಲಿ ಬಿಡುವಾಗಿರುವ ಹೆಂಗಸು ಯಾರು? ಶಾಲೆಯ ಟೀಚರಲ್ಲ, ಆಸ್ಪತ್ರೆಯ ನರ್ಸಲ್ಲ, ಅಂಗಡಿಯಲ್ಲಿ ನಿಲ್ಲುವವಳಲ್ಲ, ಎಳೆಯ ಮಕ್ಕಳಿರುವವಳೂ ಅಲ್ಲ. ಕೆಲಸಕ್ಕೆ ಹೋಗುವ ಹೆಣ್ಣು ಈ ಆಟ ಆಡಬೇಕೆಂದರೆ ನಿವೃತ್ತಿಯವರೆಗೆ ಕಾಯಬೇಕಾಗಿತ್ತು. ನನ್ನ ಜೊತೆ ಆಡುತ್ತಿದ್ದ ಒಬ್ಬ ಅಜ್ಜಿ ಹಾಗೆ ಕಾದವರೇ. ಅಂಚೆ ಕಚೇರಿಯಲ್ಲಿದ್ದ ಅವರು ಮದುವೆಯಾದ ಹೊಸತರಲ್ಲಿ ಗಂಡನ ಆಟ ನೋಡುತ್ತ ಬೇಲಿಯ ಬಳಿ ನಿಲ್ಲುತ್ತಿದ್ದರಂತೆ. ತಾವೇ ಮೊದಲ ಚೆಂಡು ಉರುಳಿಸಿದಾಗ ಅವರಿಗೆ ಅರವತ್ತು ದಾಟಿತ್ತು. ಈಗ ಹೇಳಿ, ಇದು ವಯಸ್ಸಾದವರ ಆಟವಾದದ್ದು ಆಟದ ಗುಣದಿಂದಲೋ, ವೇಳಾಪಟ್ಟಿಯಿಂದಲೋ?

ದೊಡ್ಡ ಕೂಟಗಳಲ್ಲೂ ಹೀಗೇ ಆಯಿತು. 1930ರಲ್ಲಿ ಕೆನಡದ ಹ್ಯಾಮಿಲ್ಟನ್‌ನಲ್ಲಿ ಈಗಿನ ಕಾಮನ್‌ವೆಲ್ತ್ ಕ್ರೀಡೆಗಳ ಮೊದಲ ಕೂಟ ನಡೆದಾಗಲೇ ಲಾನ್ ಬೌಲ್ಸ್ ಇತ್ತು. ಮಹಿಳೆಯರಿಗೆ ಅವಕಾಶ ಸಿಕ್ಕಿದ್ದು 1982ರ ಬ್ರಿಸ್ಬೇನ್‌ನಲ್ಲಿ, 52 ವರ್ಷ ಕಳೆದ ಮೇಲೆ, ಅದೂ ಮೂವರ ತಂಡದ ಒಂದೇ ಸ್ಪರ್ಧೆಯಲ್ಲಿ. ಆ ಚಿನ್ನ ಸ್ವತಂತ್ರವಾಗಿ ಎರಡೇ ವರ್ಷವಾಗಿದ್ದ ಜಿಂಬಾಬ್ವೆಯ ಪಾಲಾಯಿತು. ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ 1969ರಲ್ಲಿ ಸಿಡ್ನಿಯಲ್ಲಿ ನಡೆದಾಗ ಸಿಂಗಲ್ಸ್ ಗೆದ್ದವರು ಪಾಪುವಾ ನ್ಯೂಗಿನಿಯ ಗ್ಲಾಡಿಸ್ ಡಾಯ್ಲ್. 1996ರಲ್ಲಿ ಗೆದ್ದ ಕಾರ್ಮೆನ್ ಆ್ಯಂಡರ್ಸನ್ ನಾರ್ಫೋಕ್ ದ್ವೀಪದವರು. ನಕಾಶೆಯಲ್ಲಿ ಹುಡುಕಿ ನೋಡಿ: ಪೆಸಿಫಿಕ್ ಸಾಗರದ ನಡುವೆ ಸುಮಾರು 35 ಚದರ ಕಿಲೋಮೀಟರ್ ನೆಲ, ಎರಡು ಸಾವಿರದಷ್ಟು ಜನ. ನಮ್ಮ ತಾಲ್ಲೂಕಿನ ಒಂದು ದೊಡ್ಡ ಹಳ್ಳಿಯಷ್ಟು ಜನರಿರುವ ಕಡಲೂರಿನಿಂದ ಒಬ್ಬ ಹೆಣ್ಣುಮಗಳು ಹೋಗಿ ಜಗತ್ತನ್ನೇ ಗೆದ್ದು ಬಂದಳು. ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಕಾರ್ಮೆನ್ ಗೆದ್ದದ್ದು ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದ ವಿಕ್ಟೋರಿಯಾ ಪಾರ್ಕಿನಲ್ಲಿ. 2022ರ ಆಗಸ್ಟ್ 2ರಂದು ಅದೇ ಪಾರ್ಕಿನಲ್ಲಿ ನಮ್ಮ ಲವ್ಲೀ ಚೌಬೆ, ಪಿಂಕಿ, ನಯನ್‌ಮೋನಿ ಸೈಕಿಯಾ, ರೂಪಾ ರಾಣಿ ತಿರ್ಕಿ ದಕ್ಷಿಣ ಆಫ್ರಿಕಾವನ್ನು 17–10ರಿಂದ ಸೋಲಿಸಿ ಚಿನ್ನ ತಂದರು. ಈ ಆಟದಲ್ಲಿ ಭಾರತಕ್ಕೆ ಕಾಮನ್‌ವೆಲ್ತ್‌ನ ಮೊದಲ ಪದಕವೇ ಅದು. ಆಗ ನಾಲ್ವರೂ ದುಡಿದು ಬದುಕುತ್ತಿದ್ದವರು: ಒಬ್ಬರು ಪೊಲೀಸ್, ಒಬ್ಬರು ಶಾಲೆಯಲ್ಲಿ ಆಟ ಕಲಿಸುವವರು, ಒಬ್ಬರು ಅರಣ್ಯ ಇಲಾಖೆಯವರು, ಇನ್ನೊಬ್ಬರು ಜಿಲ್ಲಾ ಕ್ರೀಡಾಧಿಕಾರಿ. ಮಂಗಳವಾರದ ನಿಯಮದಡಿ ಇವರಲ್ಲಿ ಒಬ್ಬರಿಗೂ ಜಾಗವಿರುತ್ತಿರಲಿಲ್ಲ. ಆ 2022ರ ಆಗಸ್ಟ್ 2 ಮಂಗಳವಾರವೇ ಆಗಿತ್ತು ಎಂಬುದು ನನಗೆ ಆಮೇಲೆ ಗೊತ್ತಾಯಿತು.

1984ರಲ್ಲಿ ಆಸ್ಟ್ರೇಲಿಯದಲ್ಲಿ ಲಿಂಗ ತಾರತಮ್ಯ ತಡೆಯುವ ಕಾಯ್ದೆ ಬಂತು. ಆಮೇಲಿನ ವರ್ಷಗಳಲ್ಲಿ ಹೆಂಗಸರ ಕ್ಲಬ್ಬುಗಳು ಗಂಡಸರ ಕ್ಲಬ್ಬುಗಳ ಜೊತೆ ಸೇರಿಕೊಂಡವು. ಮತ ಸಿಕ್ಕಿತು, ಶನಿವಾರ ಸಿಕ್ಕಿತು. ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೇರಿಕೆಯಾದಾಗ ಉಳಿದದ್ದು ಗಂಡಸರ ಕ್ಲಬ್ಬಿನ ಹೆಸರು, ಅವರ ಸ್ಥಾಪನೆಯ ವರ್ಷ. ನಾನು ಹೋಗುತ್ತಿದ್ದ ಕ್ಲಬ್ಬಿನ ಸಭಾಂಗಣದಲ್ಲಿ ಗಂಡಸರ ಚಾಂಪಿಯನ್ನರ ಹೆಸರು ಬರೆದ ಮರದ ಹಲಗೆಗಳು ಗೋಡೆ ತುಂಬ ಇವೆ. ಹೆಂಗಸರದು ಎಲ್ಲಿ ಎಂದು ಕೇಳಿದೆ. ಆ ಅಂಚೆ ಕಚೇರಿಯ ಅಜ್ಜಿ ಏನೂ ಹೇಳದೆ ನನ್ನನ್ನು ಹಿಂದಿನ ಉಗ್ರಾಣಕ್ಕೆ ಕರೆದುಕೊಂಡು ಹೋದರು. ಮಡಚುವ ಕುರ್ಚಿಗಳ ಹಿಂದೆ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ ಮೂರು ಹಲಗೆಗಳು. ಗೋಡೆಗೆ ಬಣ್ಣ ಹೊಡೆಯುವಾಗ ಇಳಿಸಿದ್ದಂತೆ. ಮತ್ತೆ ಏರಿಸಲಿಲ್ಲ. ನಡಾವಳಿ ಪುಸ್ತಕಗಳು ಎಲ್ಲಿವೆ ಎಂದು ಯಾರಿಗೂ ಗೊತ್ತಿಲ್ಲ.

ಸಂಪಾದಕರೇ, ನಮ್ಮ ಕರ್ನಾಟಕದ ಎಷ್ಟೋ ತಂದೆತಾಯಿಯರು ಮಕ್ಕಳ ಮನೆಗೆಂದು ಮೆಲ್ಬರ್ನ್, ಸಿಡ್ನಿ, ಬ್ರಿಸ್ಬೇನ್‌ಗೆ ಹೋಗಿ ಆರಾರು ತಿಂಗಳು ಇರುತ್ತಾರೆ. ಹಗಲು ಹೊತ್ತು ಹೋಗದೆ ಒದ್ದಾಡುತ್ತಾರೆ. ಅವರಲ್ಲಿ ನನ್ನ ಕೋರಿಕೆ: ಹತ್ತಿರದ ಬೌಲ್ಸ್ ಕ್ಲಬ್ಬಿನ ಗೇಟು ತೆರೆದು ಒಳಗೆ ಹೋಗಿ. ಆಟ ಕಲಿಯಿರಿ. ಹೆಂಗಸರ ಕ್ಲಬ್ಬಿನ ಹಲಗೆ ಎಲ್ಲಿದೆ ಎಂದು ಕೇಳಿ. ಹೊರಗಿನವರು ಕೇಳಿದರೆ ಅವರಿಗೂ ಹುಡುಕುವ ಮನಸ್ಸಾಗುತ್ತದೆ. ನಿಮ್ಮಲ್ಲಿ ಕೋರಿಕೆ: ಗ್ಲಾಸ್ಗೋ ಕೂಟದ ಹೊತ್ತಿಗೆ ಈ ಆಟದ ಬಗ್ಗೆ ಒಂದು ಪುಟ ಮೀಸಲಿಡಿ, ಅದರಲ್ಲಿ 1907ನ್ನೂ ಮಂಗಳವಾರವನ್ನೂ ಮರೆಯದೆ ಬರೆಸಿ.

ನಾನು ಊರಿಗೆ ಮರಳುವ ಮೊದಲು ಎರಡು ಮಧ್ಯಾಹ್ನ ಆ ಉಗ್ರಾಣದಲ್ಲಿ ಕೂತೆವು. ಬಂಗಾರದ ಬಣ್ಣ ಉದುರಿದ್ದರಿಂದ ಕೆಲವು ಅಕ್ಷರಗಳನ್ನು ಬೆರಳಾಡಿಸಿಯೇ ಓದಬೇಕಾಗಿತ್ತು. ಅಜ್ಜಿ ಓದಿದರು, ನಾನು ಬರೆದುಕೊಂಡೆ. ಒಂದು ಪ್ರತಿಯನ್ನು ಕ್ಲಬ್ಬಿನ ಕಾರ್ಯದರ್ಶಿಗೆ ಕೊಟ್ಟೆವು, ಇನ್ನೊಂದು ನನ್ನ ಬಳಿ ಇದೆ.

ನಿಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಹೊನ್ನಾವರ