ಗುರುತಿಲ್ಲದ ಮೀನು ಸಿಕ್ಕರೆ ಫೋಟೋ ಹಾಕಿ

ಎಲ್ಲರಿಗೂ ನಮಸ್ಕಾರ. ಕಾರವಾರ, ಅಂಕೋಲಾ ಕಡೆ ಬಲೆಗೆ ಗುರುತಿಲ್ಲದ ಮೀನು ಬಿದ್ದರೆ ಸುಮ್ನೆ ಎಸೆಯಬೇಡಿ. ಪಕ್ಕದಲ್ಲಿ ಒಂದು ಬಂಗಡೆ ಇಟ್ಟು ಫೋಟೋ ತೆಗೆದು ಇಲ್ಲಿ ಹಾಕಿ, ಅಳತೆ ಗೊತ್ತಾಗುತ್ತದೆ. ಸಿಕ್ಕ ಜಾಗ, ಆಳವನ್ನೂ ಬರೆಯಿರಿ. ಕಡಲು ಬದಲಾಗುವುದು ಮೊದಲು ತಿಳಿಯುವುದು ಬಲೆ ಎಳೆಯುವವರಿಗೇ ಅಲ್ವಾ? ಕಾರವಾರದಲ್ಲೇ ಸಿಎಂಎಫ್‌ಆರ್‌ಐ (ಕಡಲ ಮೀನುಗಳ ಬಗ್ಗೆ ಸಂಶೋಧನೆ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ) ಕೇಂದ್ರವಿದೆ, ಅಲ್ಲಿ ತೋರಿಸೋಣ.

ಕಪ್ಪು-ನೀಲಿ ಮೈ, ಕೆಂಪು ಹಲ್ಲು ಇದ್ದರೆ ಅದು ಕಾರ್ಗಿಲ್ ಮೀನು. ಬೆನ್ನಿನ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಎಳೆಯಬೇಡಿ. ಅದರ ಹಿಂದಿನ ಸಣ್ಣ ಮುಳ್ಳು ಒತ್ತಿ, ದೊಡ್ಡದು ಮಡಚಿಕೊಳ್ಳುತ್ತದೆ.

ಹೊಟ್ಟೆ ಬಲೂನಿನಂತೆ ಉಬ್ಬುವ ಮೀನನ್ನು ಮಾತ್ರ ದಯವಿಟ್ಟು ಮನೆಗೆ ಒಯ್ಯಬೇಡಿ. ಲಿವರ್, ಮೊಟ್ಟೆಯಲ್ಲಿ ವಿಷ ಜಾಸ್ತಿ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದವರಿಗೆ ತುಟಿ, ನಾಲಿಗೆ ಜುಮ್ ಅಂದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೀನು ಮಾರುವ ಅಕ್ಕಂದಿರಿಗೂ ಹೇಳಿ.