ದುಡಿಯಾಕ ಹೋದವರು ಹಾಕೋ ರೊಕ್ಕದ ಬಗ್ಗೆ, ಶುಕ್ರವಾರದ ಸಭೆ

ಸಂಘದ ಎಲ್ಲಾ ಅಕ್ಕಾರಿಗೆ ನಮಸ್ಕಾರ.

ಈ ಸಲ ಕಂತು ಕಟ್ಟೋದು ಮುಗದಮ್ಯಾಲೆ ಒಂದ್ ತಾಸು ಕುಂದ್ರೂಣು. ನಮ್ಮ ಮುಂಡರಗಿ ಕಡೆಯಿಂದ ಗೋವಾ, ಮಂಗಳೂರಿಗೆ ಹೋದವರು ಹಾಕೋ ರೊಕ್ಕ ಬಂದ ದಿನಾನ ಕಿರಾಣಿ ಉದ್ರಿ, ಕೈಗಡದ ಬಡ್ಡಿ ಅಂತ ಕರಗಿ ಹೊಕ್ಕೈತಿ. ಹಂಗಂತ ಹಗುರ ಮಾಡಬ್ಯಾಡ್ರಿ. ಮಳಿ ಕೈಕೊಟ್ಟು ಹೆಸರು ಒಣಗಿದ ವರ್ಷ ಎತ್ತು ಮಾರದಂಗ ತಡದದ್ದು ಇದೇ ರೊಕ್ಕ. ಮುಂಗಡ ತಗೊಂಡು ಹೋದವರ ಮನಿ ಲೆಕ್ಕ ಮಾತ್ರ ಬ್ಯಾರೆ: ಮೇಸ್ತ್ರಿ ಮುರಕೊಂಡಮ್ಯಾಲೆ ತಿಂಗಳಾ ಬರಾಕ ಏನ್ ಉಳೀತೈತಿ?

ನನಗ ಹೆಚ್ಚಿನ ಚಿಂತಿ ಇದು. ದುಡಿಯೋ ಒಬ್ಬರಿಗೆ ಏನಾರ ಆದ್ರ ಇಡೀ ಮನಿ ನಿಂತುಬಿಡ್ತೈತಿ. ಬ್ಯಾಂಕ್ ಖಾತೆ ಮ್ಯಾಲೆ ಮಾಡ್ಸೋ ಸರ್ಕಾರದ ಎರಡು ವಿಮಾ ಅದಾವು. ಅಪಘಾತದ ವಿಮಾ ಸುರಕ್ಷಾ ಬಿಮಾಕ್ಕ ವರ್ಷಕ್ಕ 20 ರೂಪಾಯಿ, ಅಪಘಾತದಾಗ ತೀರಿಕೊಂಡ್ರ 2 ಲಕ್ಷ. ಜೀವ ವಿಮಾ ಜೀವನ ಜ್ಯೋತಿಗೆ ವರ್ಷಕ್ಕ 436. ಜಡ್ಡಿನಿಂದ ಹೋದ್ರೂ 2 ಲಕ್ಷ, ಆದ್ರ 50 ವರ್ಷದೊಳಗ ಸೇರಿರಬೇಕು. ಇವುಗಳ ರೊಕ್ಕ ಮೇ ತಿಂಗಳ ಕಡೀಗೆ ದುಡಿಯಾಕ ಹೋದವರ ಖಾತೆಯಿಂದನ ಕಟ್ ಆಗ್ತೈತಿ. ಎಲ್ಲಾ ಮನಿಗೆ ಹಾಕಿ ಖಾತೆ ಬರಿದು ಮಾಡಿದ್ರ ವಿಮಾ ನಿಂತಂಗ. ಖಾತೆದಾಗ 500 ರೂಪಾಯಿ ಬಿಡಾಕ ಹೇಳ್ರಿ.

ರೇಷನ್ ಕಾರ್ಡಿನ ಅಕ್ಕಿ ಗೋವಾದಾಗೂ ಸಿಗ್ತೈತಿ, ಆಧಾರ್ ಜೋಡಿಸಿರಬೇಕು ಅಷ್ಟ.

ಇನ್ನ, ರೊಕ್ಕ ತಗೊಳ್ಳಾಕ ಫೋನ್‌ಪೇದಾಗ ಪಿನ್ ಒತ್ತೋದು ಇರೂದಿಲ್ಲ. ಯಾರಾರ ಒತ್ತು ಅಂದ್ರ ಫೋನ್ ಇಟ್ಟುಬಿಡ್ರಿ.

ಶುಕ್ರವಾರ ಸಂಜಿ 5ಕ್ಕ, ಸಮುದಾಯ ಭವನ. ಪಾಸ್‌ಬುಕ್ ತರ್ರಿ; ವಿಮಾ ಕಟ್ ಆಗೇತೋ ಇಲ್ಲೋ ಅಲ್ಲೇ ನೋಡೂಣು.