ಹೆಣ್ಣಿಗೆ ಪಟ್ಟ ಇತ್ತೇ, ಇರಲಿಲ್ಲವೇ?

ಮಾನ್ಯ ಸಂಪಾದಕರೇ,

ಯುರೋಪಿನ ರಾಜಮನೆತನದ ಹೆಣ್ಣುಮಕ್ಕಳ ಕುರಿತು ಪುರವಣಿಗಳಲ್ಲಿ ಬರುವ ಬರಹಗಳಲ್ಲಿ ‘ಆ ಕಾಲದ ಯುರೋಪಿನಲ್ಲಿ ಹೆಣ್ಣಿಗೆ ಸಿಂಹಾಸನದ ಹಕ್ಕಿರಲಿಲ್ಲ’ ಎಂಬ ಮಾತು ಪದೇ ಪದೇ ಕಾಣುತ್ತದೆ. ಇದು ಅರ್ಧಸತ್ಯ. ಪಟ್ಟದ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಒಬ್ಬನೇ ದೊರೆ ಎರಡು ರಾಜ್ಯ ಆಳುತ್ತಿದ್ದರೆ ಎರಡಕ್ಕೂ ಬೇರೆ ಬೇರೆ.

1837ರ ಜೂನ್ 20ರಂದು ನಾಲ್ಕನೇ ವಿಲಿಯಂ ತೀರಿಕೊಂಡಾಗ ಅವನು ಬ್ರಿಟನ್ನಿಗೂ ಜರ್ಮನಿಯ ಹ್ಯಾನೋವರ್‌ಗೂ ರಾಜ. ಬ್ರಿಟನ್ನಿನಲ್ಲಿ ಸ್ವಂತ ಸೋದರರಿಲ್ಲದ ಮಗಳು ತಂದೆಯ ಸ್ಥಾನಕ್ಕೆ ಬರುತ್ತಿದ್ದಳು. ಹಾಗಾಗಿ ವಿಲಿಯಂನ ತಮ್ಮಂದಿರಲ್ಲಿ ಹಿರಿಯನಾಗಿದ್ದವನ ಮಗಳು, 18ರ ವಿಕ್ಟೋರಿಯಾ, ಬದುಕಿದ್ದ ಚಿಕ್ಕಪ್ಪಂದಿರನ್ನು ದಾಟಿ ರಾಣಿಯಾದಳು. ಹ್ಯಾನೋವರ್‌ನಲ್ಲಿ ಗಂಡು ಸಂತತಿಯ ಒಬ್ಬನೇ ಒಬ್ಬ ಉಳಿದಿದ್ದರೂ ಹೆಣ್ಣಿಗೆ ಸರದಿ ಬರುವಂತಿರಲಿಲ್ಲ. ಅದು ಚಿಕ್ಕಪ್ಪ ಅರ್ನೆಸ್ಟ್ ಆಗಸ್ಟಸ್‌ನ ಪಾಲಾಯಿತು. 1714ರಿಂದ ಕೂಡಿಕೊಂಡಿದ್ದ ಎರಡು ರಾಜ್ಯಗಳು ಅಂದೇ ಬೇರೆಯಾದವು. 1890ರಲ್ಲೂ ಇದೇ ಆಯಿತು: ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಎರಡನ್ನೂ ಆಳುತ್ತಿದ್ದ ದೊರೆ ತೀರಿಕೊಂಡಾಗ ಅವನ ಹತ್ತು ವರ್ಷದ ಮಗಳು ವಿಲ್ಹೆಲ್ಮಿನಾಗೆ ನೆದರ್ಲೆಂಡ್ಸ್ ಸಿಕ್ಕಿತು, ಲಕ್ಸೆಂಬರ್ಗ್ ನಸ್ಸೌ ವಂಶದ ದೂರದ ದಾಯಾದಿ ಅಡಾಲ್ಫ್‌ನಿಗೆ ಹೋಯಿತು.

ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ರಾಜವಂಶದ ಮರಿಯಾ ತೆರೇಸಾ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ‘ಗಂಡುಮಕ್ಕಳಿಲ್ಲದ ತಂದೆ ಮಗಳಿಗಾಗಿ ಕಾನೂನು ಬದಲಿಸಿದ’ ಎಂದು ಬರೆದುಬಿಡುತ್ತಾರೆ. 1713ರ ಏಪ್ರಿಲ್ 19ರಂದು ಅವಳ ತಂದೆ, ಜರ್ಮನ್ ರಾಜ್ಯಗಳನ್ನು ಒಳಗೊಂಡ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಆರನೇ ಚಾರ್ಲ್ಸ್, ಆ ಶಾಸನ ಪ್ರಕಟಿಸಿದಾಗ ಅವನಿಗೆ ಮಕ್ಕಳೇ ಇರಲಿಲ್ಲ. ಮರಿಯಾ ಹುಟ್ಟಿದ್ದು 1717ರಲ್ಲಿ. ಶಾಸನದ ತಿರುಳು ಬೇರೆಯೇ. ತೀರಿಹೋದ ಅಣ್ಣ ಜೋಸೆಫ್‌ನ ಇಬ್ಬರು ಹೆಣ್ಣುಮಕ್ಕಳಿಗಿಂತ, ಮುಂದೆ ತನಗೆ ಹೆಣ್ಣು ಹುಟ್ಟಿದರೆ ಅವಳೇ ಮೊದಲು ಎಂದು ಅದು ಹೇಳಿತು. ಆ ಇಬ್ಬರು ಸ್ಯಾಕ್ಸನಿಗೂ ಬವೇರಿಯಾಕ್ಕೂ ಮದುವೆಯಾಗಿ ಹೋಗುವಾಗ ಹಕ್ಕು ಬಿಟ್ಟುಕೊಟ್ಟ ಪತ್ರ ಪಡೆಯಲಾಯಿತು. ಆದರೂ 1740ರಲ್ಲಿ ಚಾರ್ಲ್ಸ್ ಸಾಯುತ್ತಲೇ ಜೋಸೆಫ್‌ನ ಬವೇರಿಯಾದ ಅಳಿಯ ಪಾಲು ಕೇಳಿದ, 1742ರಲ್ಲಿ ಆ ಸಾಮ್ರಾಜ್ಯದ ಚಕ್ರವರ್ತಿಯಾಗಿಯೂ ಆಯ್ಕೆಯಾದ. ಆ ಪದವಿ ಚುನಾವಣೆಯದು, ಯಾವ ಮಗಳಿಗೂ ಬರುವಂಥದ್ದಲ್ಲ. ಹಂಗೇರಿ, ಬೊಹೀಮಿಯಾ, ಆಸ್ಟ್ರಿಯಾ ಮರಿಯಾಳ ಸ್ವಂತ ಹಕ್ಕಿನವು; ಸಾಮ್ರಾಜ್ಞಿ ಎಂಬ ಬಿರುದು ಬಂದಿದ್ದು 1745ರಲ್ಲಿ ಗಂಡ ಫ್ರಾನ್ಸಿಸ್ ಆಯ್ಕೆಯಾದ ಮೇಲೆ.

ಹಕ್ಕು ಬಿಟ್ಟ ಪತ್ರಗಳನ್ನಂತೂ ನಮ್ಮ ಲೇಖಕರು ನೋಡುವುದೇ ಅಪರೂಪ, ಅಸಲಿ ಕಥೆ ಇರುವುದು ಅಲ್ಲೇ. 1659ರ ಪಿರನೀಸ್ ಒಪ್ಪಂದದಂತೆ ಸ್ಪೇನ್ ರಾಜನ ಮಗಳು ಮರಿಯಾ ತೆರೇಸಾ (ಮೇಲಿನವಳಲ್ಲ) ಹದಿನಾಲ್ಕನೇ ಲೂಯಿಯನ್ನು ವರಿಸಲು ಸ್ಪೇನಿನ ಹಕ್ಕು ತೊರೆಯಬೇಕಿತ್ತು. ಅದಕ್ಕೆ ಪ್ರತಿಯಾಗಿ ಸ್ಪೇನ್ 5 ಲಕ್ಷ ಚಿನ್ನದ ನಾಣ್ಯಗಳ ವರದಕ್ಷಿಣೆ ಕೊಡಬೇಕಿತ್ತು. ಸ್ಪೇನಿನ ಖಜಾನೆ ಬರಿದು, ಹಣ ಬರಲಿಲ್ಲ. ಹಣವಿಲ್ಲದ ಮೇಲೆ ತ್ಯಾಗವೂ ಇಲ್ಲ ಎಂದು ಫ್ರಾನ್ಸಿನ ವಕೀಲರು ವಾದಿಸಿದರು. 1667ರಲ್ಲಿ ಲೂಯಿಯ ಸೇನೆ ಸ್ಪೇನಿನ ಅಧೀನದ ನೆದರ್ಲೆಂಡ್ಸಿಗೆ ನುಗ್ಗಿತು. 1700ರಲ್ಲಿ ಸ್ಪೇನಿನ ಕೊನೆಯ ಹ್ಯಾಬ್ಸ್‌ಬರ್ಗ್ ದೊರೆಯ ಉಯಿಲಿನಲ್ಲಿ ವಾರಸುದಾರನಾದವನು ಈಕೆಯ ಮೊಮ್ಮಗನೇ.

ಆದ್ದರಿಂದ ಇಂಥ ಬರಹ ಪ್ರಕಟಿಸುವ ಮುನ್ನ ದೊರೆ ಸತ್ತ ದಿನಾಂಕ, ಅಂದು ಅವನಿಗಿದ್ದ ಒಂದೊಂದು ರಾಜ್ಯದ ನಿಯಮ, ಬದುಕಿದ್ದ ಸೋದರರು ಮತ್ತು ಅವರ ಮಕ್ಕಳು, ಹೆಣ್ಣಿನ ಮದುವೆ ಕರಾರಿನ ಷರತ್ತು, ಇಷ್ಟನ್ನು ಪರಿಶೀಲಿಸಬೇಕೆಂದು ವಿನಂತಿ. ಜೊತೆಗೆ ಮೂರು ತಲೆಮಾರಿನ ವಂಶವೃಕ್ಷ ಅಚ್ಚಾದರೆ ಓದುಗರಿಗೆ ದೊಡ್ಡ ಉಪಕಾರ. ಅದರಲ್ಲಿ ಚಿಕ್ಕಂದಿನಲ್ಲೇ ತೀರಿಕೊಂಡವರ ಹೆಸರನ್ನೂ ಬಿಡಬಾರದು.

ಇಂದಿನ ಸುದ್ದಿಗೂ ಈ ಎಚ್ಚರ ಬೇಕು. ಹಿರಿಯ ಮಗುವಿಗೇ ಪಟ್ಟ, ಅದು ಹೆಣ್ಣಾಗಲಿ ಗಂಡಾಗಲಿ ಎಂದು ಸ್ವೀಡನ್ 1980ರಲ್ಲೇ ಜಾರಿಗೆ ತಂದಿತು. ಸ್ಪೇನಿನ ಸಂವಿಧಾನದಲ್ಲಿ ಗಂಡಿಗೇ ಆದ್ಯತೆ. ಈಗಿನ ದೊರೆ ಆರನೇ ಫೆಲಿಪೆಗೆ ಇಬ್ಬರು ಅಕ್ಕಂದಿರಿದ್ದರೂ ಪಟ್ಟ ಸಿಕ್ಕಿದ್ದು ಅವನಿಗೆ. ಅವನ ಮಗಳು ಲಿಯೊನೋರ್ ಉತ್ತರಾಧಿಕಾರಿ ಆಗಿರುವುದು ಅವಳಿಗೆ ತಮ್ಮ ಇಲ್ಲದ್ದರಿಂದ ಮಾತ್ರ.

– ಇತಿಹಾಸದ ಉಪನ್ಯಾಸಕಿ